ತಾಂಬೂಲದ ಕೆಂಪಿನಲ್ಲಿ ಅಡಗಿರುವ ಕ್ಷಣಜೀವಿಗಳು

ಎಲೆ ಹಸಿರು, ಅಡಿಕೆ ಕಂದು, ಸುಣ್ಣ ಬಿಳುಪು. ಮೂರರಲ್ಲಿ ಯಾವುದೂ ಕೆಂಪಲ್ಲ. ಆದರೆ ಮೂರೂ ಬಾಯಿಯಲ್ಲಿ ಕೂಡಿದ ಒಂದೆರಡು ನಿಮಿಷದಲ್ಲಿ ನಾಲಗೆ, ತುಟಿ, ಎಂಜಲು ಎಲ್ಲವೂ ಕೆಂಪು. ತಲೆತಲಾಂತರದಿಂದ ನಾವು ಕಂಡಿರುವ ಈ ಬದಲಾವಣೆಯನ್ನು ಕುರಿತು ಹಾಡು, ಒಗಟು, ಗಾದೆಗಳು ಬೇಕಾದಷ್ಟಿವೆ. ಬಾಯಿ ಹೆಚ್ಚು ಕೆಂಪಾದರೆ ಗಂಡನ ಪ್ರೀತಿ ಹೆಚ್ಚು ಎಂದು ಹೊಸ ಮದುಮಗಳನ್ನು ಛೇಡಿಸುವ ರೂಢಿಯೂ ಇದೆ. ಆದರೆ ಆ ಕೆಂಪು ಬಂದದ್ದೆಲ್ಲಿಂದ?

ಪ್ರಶ್ನೆ ಚಿಕ್ಕದಾಗಿ ಕಾಣುತ್ತದೆ. ಉತ್ತರ ಹುಡುಕುತ್ತಾ ಹೋದರೆ ದಾರಿ ಅಯಸ್ಕಾಂತ, ಲೇಸರ್, ಪ್ಲಾಟಿನಂ ತಂತಿಗಳಿರುವ ಪ್ರಯೋಗಾಲಯದವರೆಗೆ ಕರೆದೊಯ್ಯುತ್ತದೆ. ಹಸಿರು, ಕಂದು, ಬಿಳುಪುಗಳಿಂದ ಕೆಂಪಿಗೆ ದಾಟುವ ಹಾದಿಯಲ್ಲಿ ಒಂದು ಬಗೆಯ ಕಣಗಳು ಹುಟ್ಟಿ, ನಾವು ಕಣ್ಣು ಮಿಟುಕಿಸುವುದರೊಳಗೆ ಇಲ್ಲವಾಗುತ್ತವೆ. ರಸಾಯನ ವಿಜ್ಞಾನಿಗಳು ಅವುಗಳನ್ನು ರ‍್ಯಾಡಿಕಲ್‌ಗಳು ಎನ್ನುತ್ತಾರೆ. ಇಲ್ಲವಾದವುಗಳನ್ನು ಹಿಡಿಯುವುದು ಹೇಗೆ, ಹಿಡಿದಾಗ ತಿಳಿದದ್ದೇನು ಎಂಬುದೇ ಈ ಲೇಖನದ ವಿಷಯ.

ಅಡಿಕೆಯ ನಾಡಿಗೆ ಇದು ಬರಿಯ ಕುತೂಹಲದ ಸಂಗತಿಯಲ್ಲ. ದಾವಣಗೆರೆ ಜಿಲ್ಲೆಯ ಚನ್ನಗಿರಿಯಲ್ಲಿ ಭದ್ರಾ ನಾಲೆಯ ನೀರು, ಸೂಳೆಕೆರೆಯ ನೀರು, ಕೊಳವೆಬಾವಿಯ ನೀರು ಎಲ್ಲವೂ ಅಡಿಕೆ ತೋಟಕ್ಕೆ ಹರಿದಿವೆ. ಭತ್ತದ ಗದ್ದೆಗಳು ತೋಟಗಳಾಗಿವೆ. ತುಂಗಭದ್ರೆಯ ದಂಡೆಯ ಹೊನ್ನಾಳಿ, ಅದರಿಂದ ಬೇರ್ಪಟ್ಟು ಹೊಸ ತಾಲ್ಲೂಕಾದ ನ್ಯಾಮತಿಗಳ ಕಥೆಯೂ ಅದೇ. ಮಳೆಯನ್ನೇ ನೆಚ್ಚಿದ ಜಗಳೂರಿನಲ್ಲಿ ತೋಟ ವಿರಳವಾದರೂ ಮದುವೆ, ನಾಮಕರಣ, ತಿಥಿ ಯಾವುದೂ ಎಲೆ ಅಡಿಕೆಯ ತಟ್ಟೆಯಿಲ್ಲದೆ ಮುಗಿಯದು. ಚನ್ನಗಿರಿಯ ತುಮ್ಕೋಸ್ ಸಹಕಾರ ಸಂಘದ ಆವರಣದಲ್ಲಿ ರಾಶಿ ಅಡಿಕೆಯ ದರ ಏರಿದರೆ ಊರಿನ ಬಟ್ಟೆ ಅಂಗಡಿಯಲ್ಲಿ ಗದ್ದಲ, ಇಳಿದರೆ ಮೌನ. ಇಂಥ ಬೆಳೆಯ ಒಳಗಿನ ರಸಾಯನ ಏನೆಂದು ತಿಳಿಯುವ ಹಕ್ಕು ಬೆಳೆಯುವವರಿಗೂ ಇದೆ, ಜಗಿಯುವವರಿಗೂ ಇದೆ.

ಎರಡು ಕೆಂಪುಗಳು

ನಮ್ಮ ಮನೆಗಳಲ್ಲಿ ಸುಣ್ಣದಿಂದ ಹುಟ್ಟುವ ಕೆಂಪು ಒಂದಲ್ಲ, ಎರಡು. ಮದುಮಕ್ಕಳಿಗೆ ಆರತಿ ಎತ್ತುವಾಗ ತಟ್ಟೆಯ ನೀರಿಗೆ ಅರಿಸಿನ ಹಾಕಿ, ಚಿಟಿಕೆ ಸುಣ್ಣ ಬೆರೆಸುತ್ತಾರೆ. ಹಳದಿ ನೀರು ಕೂಡಲೇ ಕೆಂಪಾಗುತ್ತದೆ. ಅದೇ ನೀರಿಗೆ ನಿಂಬೆಹಣ್ಣು ಹಿಂಡಿ ನೋಡಿ: ಕೆಂಪು ಮಾಯವಾಗಿ ಮತ್ತೆ ಹಳದಿ. ಇಲ್ಲಿ ಸುಣ್ಣದ ಕ್ಷಾರವು ಅರಿಸಿನದ ವರ್ಣದ್ರವ್ಯವಾದ ಕರ್ಕ್ಯುಮಿನ್‌ನಿಂದ ಒಂದು ಪ್ರೋಟಾನನ್ನು, ಅಂದರೆ ಹೈಡ್ರೋಜನ್ನಿನ ಬೀಜವನ್ನು, ಕಿತ್ತುಕೊಳ್ಳುತ್ತದೆ. ನಿಂಬೆಯ ಆಮ್ಲ ಅದನ್ನು ಮರಳಿ ಕೊಡುತ್ತದೆ. ಸಾಲ ಕೊಟ್ಟು ತೀರಿಸಿದಂತೆ ಲೆಕ್ಕ ಚುಕ್ತಾ.

ತಾಂಬೂಲದ ಕೆಂಪು ಹಾಗಲ್ಲ. ಬಟ್ಟೆಯ ಮೇಲೆ ಬಿದ್ದ ಎಲೆಯಡಿಕೆಯ ಕಲೆಗೆ ಎಷ್ಟು ನಿಂಬೆಹಣ್ಣು ಹಿಂಡಿದರೂ ಅದು ಅಡಿಕೆಯ ಮೂಲ ಬಣ್ಣಕ್ಕೆ ಮರಳುವುದಿಲ್ಲ. ಕಾರಣ, ಇಲ್ಲಿ ಕಳೆದುಹೋಗಿರುವುದು ಬರಿಯ ಪ್ರೋಟಾನ್ ಅಲ್ಲ, ಎಲೆಕ್ಟ್ರಾನ್. ಎಲೆಕ್ಟ್ರಾನ್ ಕಳೆದುಕೊಳ್ಳುವುದನ್ನೇ ಉತ್ಕರ್ಷಣ ಎನ್ನುತ್ತಾರೆ. ಕಬ್ಬಿಣಕ್ಕೆ ತುಕ್ಕು ಹಿಡಿಯುವುದೂ, ಹೆಚ್ಚಿಟ್ಟ ಬದನೆಕಾಯಿ ಕಪ್ಪಾಗುವುದೂ ಉತ್ಕರ್ಷಣವೇ.

ಅಡಿಕೆಯಲ್ಲಿ ಒಗರು ಕೊಡುವ ದ್ರವ್ಯಗಳು ಹೇರಳ. ಇವು ಪಾಲಿಫಿನಾಲ್ ಎಂಬ ಗುಂಪಿಗೆ ಸೇರಿದವು. ಕ್ಯಾಟೆಚಿನ್ ಮತ್ತು ಅದರ ಸರಪಳಿಗಳು ಇವುಗಳಲ್ಲಿ ಮುಖ್ಯ. ಎಳೆಯ ಕಾಯಿಯಲ್ಲಿ ಇವು ಹೆಚ್ಚು, ಹಣ್ಣಾದಂತೆ ಕಡಿಮೆ. ಕೆಂಪಡಿಕೆ ಮಾಡುವವರು ಕಾಯಿ ಹಣ್ಣಾಗುವ ಮುನ್ನವೇ ಕೊನೆ ಇಳಿಸಿ, ಸುಲಿದು, ಬೇಯಿಸುವುದು ಅದಕ್ಕೇ. ಬೇಯಿಸಿದ ನೀರು ಗಟ್ಟಿಯಾಗುತ್ತಾ ಬಂದಾಗ ಸಿಗುವ ಚೊಗರು ಎಂದರೆ ಈ ಪಾಲಿಫಿನಾಲುಗಳ ಸಾರ. ಒಣಗಿದ ಅಡಿಕೆಗೆ ಮೆರುಗು, ಬಣ್ಣ ಕೊಡುವುದು ಇದೇ ಚೊಗರು. ಬೀಡಾದ ಕಾಚಿನಲ್ಲಿಯೂ ಕ್ಯಾಟೆಚಿನ್ ಇದೆ. ಅದು ಸಿಗುವುದು ಕಗ್ಗಲಿ ಮರದ ಚೇಗಿನಿಂದ.

ಈ ಅಣುಗಳ ರಚನೆಯಲ್ಲಿ ಒಂದು ಸೂಕ್ಷ್ಮವಿದೆ. ಆರು ಇಂಗಾಲದ ಒಂದು ಉಂಗುರ. ಅದರ ಅಕ್ಕಪಕ್ಕದ ಎರಡು ಮೂಲೆಗಳಲ್ಲಿ ಆಮ್ಲಜನಕ ಮತ್ತು ಹೈಡ್ರೋಜನ್ ಕೂಡಿದ ಎರಡು ಕೊಂಬುಗಳು. ಸರಳವಾದ ಇಂಥ ಉಂಗುರಕ್ಕೆ ಕ್ಯಾಟೆಕಾಲ್ ಎಂದು ಹೆಸರು. ಸುಣ್ಣದ ತಿಳಿಯ ಪಿಎಚ್ ಸುಮಾರು 12. ಅಂಥ ತೀವ್ರ ಕ್ಷಾರದಲ್ಲಿ ಕೊಂಬುಗಳ ಹೈಡ್ರೋಜನ್ ಕಳಚಿಕೊಳ್ಳುತ್ತದೆ. ಆಗ ಉಂಗುರವು ತನ್ನ ಎಲೆಕ್ಟ್ರಾನುಗಳನ್ನು ಗಾಳಿಯ ಆಮ್ಲಜನಕಕ್ಕೆ ಸುಲಭವಾಗಿ ಬಿಟ್ಟುಕೊಡುತ್ತದೆ. ಎರಡು ಎಲೆಕ್ಟ್ರಾನ್ ಹೋದ ಮೇಲೆ ಉಳಿಯುವುದು ಕ್ವಿನೋನ್. ಕ್ವಿನೋನುಗಳು ಒಂದಕ್ಕೊಂದು ಅಂಟಿಕೊಂಡು ಬೆಳೆದಂತೆ ಕೆಂಪು, ಕಂದು ವರ್ಣದ್ರವ್ಯಗಳಾಗುತ್ತವೆ. ತಾಂಬೂಲದ ರಂಗು ಇದು.

ಒಂಟಿ ಎಲೆಕ್ಟ್ರಾನಿನ ತವಕ

ಇಲ್ಲಿಗೆ ಕಥೆ ಮುಗಿಯಬಹುದಿತ್ತು. ಆದರೆ ಎರಡು ಎಲೆಕ್ಟ್ರಾನುಗಳೂ ಒಟ್ಟಿಗೇ ಹೊರಟವೇ, ಅಥವಾ ಒಂದರ ಹಿಂದೆ ಒಂದೇ? ಒಂದೊಂದಾಗಿ ಹೊರಟಿದ್ದರೆ ನಡುವಿನ ಗಳಿಗೆಯಲ್ಲಿ ಉಂಗುರದ ಸ್ಥಿತಿ ಏನು?

ಸಾಮಾನ್ಯವಾಗಿ ಅಣುವಿನಲ್ಲಿ ಎಲೆಕ್ಟ್ರಾನುಗಳು ಜೋಡಿ ಜೋಡಿಯಾಗಿರುತ್ತವೆ. ಜೋಡಿಯಲ್ಲಿ ಒಂದು ಹೋದರೆ ಇನ್ನೊಂದು ಒಂಟಿ. ಇಂಥ ಒಂಟಿ ಎಲೆಕ್ಟ್ರಾನ್ ಹೊತ್ತ ಅಣುವೇ ರ‍್ಯಾಡಿಕಲ್. ಜೊತೆಗಾರನಿಗಾಗಿ ಅದರ ತವಕ ಎಷ್ಟೆಂದರೆ ಎದುರಿಗೆ ಸಿಕ್ಕ ಅಣುವಿನಿಂದ ಎಲೆಕ್ಟ್ರಾನನ್ನು ಕಸಿಯುತ್ತದೆ, ಇಲ್ಲವೆ ತನ್ನದನ್ನೇ ಕೊಟ್ಟು ಹಗುರಾಗುತ್ತದೆ. ಆದ್ದರಿಂದ ಹೆಚ್ಚಿನ ರ‍್ಯಾಡಿಕಲ್‌ಗಳಿಗೆ ಆಯುಷ್ಯ ಅತ್ಯಲ್ಪ.

ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ, ಇಂಥ ಇಂಗಾಲದ ರ‍್ಯಾಡಿಕಲ್‌ಗಳು ಸ್ವತಂತ್ರವಾಗಿ ಇರಲಾರವು ಎಂದೇ ರಸಾಯನ ಶಾಸ್ತ್ರಜ್ಞರು ಬಗೆದಿದ್ದರು. 1900ರಲ್ಲಿ ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದ ಮೋಸೆಸ್ ಗೋಂಬರ್ಗ್ ಟ್ರೈಫಿನೈಲ್ ಮಿಥೈಲ್ ಎಂಬ ರ‍್ಯಾಡಿಕಲ್ಲನ್ನು ತೋರಿಸಿ ಆ ನಂಬಿಕೆಯನ್ನು ಅಲುಗಿಸಿದರು. ಕ್ವಿನೋನುಗಳ ವಿಷಯದಲ್ಲಿ 1930ರ ದಶಕದಲ್ಲಿ ಲಿಯೊನೋರ್ ಮಿಕೇಲಿಸ್ ನಡುವಿನ ಹಂತದ ಮಾತೆತ್ತಿದರು. ಉತ್ಕರ್ಷಣ ಒಂದೊಂದೇ ಎಲೆಕ್ಟ್ರಾನಿನ ಎರಡು ಹೆಜ್ಜೆಗಳಲ್ಲಿ ನಡೆಯಬಲ್ಲದು, ನಡುವೆ ಸೆಮಿಕ್ವಿನೋನ್ ಎಂಬ ರ‍್ಯಾಡಿಕಲ್ ಇರುತ್ತದೆ ಎಂಬುದು ಅವರ ವಾದ. ಸೆಮಿಕ್ವಿನೋನ್ ಎಂದರೆ ಅರೆ ಕ್ವಿನೋನ್. ವಾದ ಮಂಡಿಸಿದ್ದಾಯಿತು, ಆದರೆ ಕಣ್ಣಾರೆ ಕಂಡ ಸಾಕ್ಷಿ ಬೇಕಲ್ಲ?

ಮೀಟರಿಗೆ ಕಾಣದ ನಡುವಣ ಹೆಜ್ಜೆ

ಎಲೆಕ್ಟ್ರಾನುಗಳ ಕೊಡುಕೊಳ್ಳುವಿಕೆಯನ್ನು ಅಳೆಯಲು ನೇರ ದಾರಿ ವಿದ್ಯುತ್ತು. ದ್ರಾವಣದಲ್ಲಿ ಒಂದು ಕಡ್ಡಿಯನ್ನು ಅದ್ದಿ, ವೋಲ್ಟೇಜನ್ನು ನಿಧಾನವಾಗಿ ಏರಿಸುತ್ತಾ ಹೋಗಬೇಕು. ಅಣು ಎಲೆಕ್ಟ್ರಾನ್ ಬಿಟ್ಟುಕೊಡುವ ಹಂತ ಬಂದಾಗ ಕಡ್ಡಿಯಲ್ಲಿ ಹರಿಯುವ ಕರೆಂಟು ಥಟ್ಟನೆ ಏರುತ್ತದೆ. ವೋಲ್ಟೇಜನ್ನು ಹಿಂದಕ್ಕೆ ಇಳಿಸಿದರೆ ಕಳಕೊಂಡ ಎಲೆಕ್ಟ್ರಾನನ್ನು ಅಣು ಮರಳಿ ಪಡೆಯುವುದೂ ಕಾಣುತ್ತದೆ. ಈ ವಿಧಾನಕ್ಕೆ ಸೈಕ್ಲಿಕ್ ವೋಲ್ಟಾಮೆಟ್ರಿ ಎಂದು ಹೆಸರು. ಅದ್ದುವ ಕಡ್ಡಿಯೇ ಎಲೆಕ್ಟ್ರೋಡ್.

ಈ ಕೆಲಸ ನಡೆಯುವ ಜಾಗ ನಮ್ಮಿಂದ ದೂರವೇನಿಲ್ಲ. ಚನ್ನಗಿರಿಯ ತೋಟಗಳಿಗೆ ನೀರು ಬರುವುದು ಭದ್ರಾ ಅಣೆಕಟ್ಟೆಯಿಂದ. ಆ ಅಣೆಕಟ್ಟೆಗೆ ಸಮೀಪದ ಶಂಕರಘಟ್ಟದಲ್ಲಿದೆ 1987ರಲ್ಲಿ ಆರಂಭವಾದ ಕುವೆಂಪು ವಿಶ್ವವಿದ್ಯಾಲಯ. ಅಲ್ಲಿನ ಕೈಗಾರಿಕಾ ರಸಾಯನ ವಿಭಾಗದಲ್ಲಿ ಬಿ. ಇ. ಕುಮಾರಸ್ವಾಮಿ ಮತ್ತು ಅವರ ವಿದ್ಯಾರ್ಥಿಗಳು ಡೋಪಮೈನ್, ಕ್ಯಾಟೆಕಾಲ್, ಹೈಡ್ರೋಕ್ವಿನೋನ್ ಮುಂತಾದವುಗಳನ್ನು ಇದೇ ವಿಧಾನದಿಂದ ಗುರುತಿಸುವ ಬಗ್ಗೆ ಸಾಲು ಸಾಲು ಸಂಶೋಧನಾ ಪ್ರಬಂಧಗಳನ್ನು ಪ್ರಕಟಿಸಿದ್ದಾರೆ. ಅವರು ಹೆಚ್ಚಾಗಿ ಬಳಸಿದ್ದು ಚಿನ್ನ, ಪ್ಲಾಟಿನಂಗಳನ್ನಲ್ಲ. ಗ್ರಾಫೈಟ್ ಪುಡಿಗೆ ಎಣ್ಣೆ ಕಲಸಿ, ನುಣ್ಣಗೆ ಅರೆದು, ಸಣ್ಣ ಕೊಳವೆಗೆ ತುಂಬಿದ ಕಣಕವನ್ನು. ಪೆನ್ಸಿಲ್ ಕಡ್ಡಿಯಲ್ಲಿರುವುದೂ ಗ್ರಾಫೈಟೇ. ಅಗ್ಗದ ಈ ಎಲೆಕ್ಟ್ರೋಡಿನ ಮೈಯನ್ನು ಸವರಿ ಹೊಸದು ಮಾಡಿಕೊಳ್ಳುವುದೂ ಸುಲಭ. ಇದನ್ನು ಮೊದಲು ಬಳಕೆಗೆ ತಂದವರು ಅಮೆರಿಕದ ಕಾನ್ಸಾಸ್ ವಿಶ್ವವಿದ್ಯಾಲಯದ ರಾಲ್ಫ್ ಆಡಮ್ಸ್, 1958ರಲ್ಲಿ. ನಮ್ಮ ಮಿದುಳಿನ ಡೋಪಮೈನಿನಲ್ಲಿರುವುದು ಕೂಡ ಅಡಿಕೆಯ ಕ್ಯಾಟೆಚಿನ್ನಿನಲ್ಲಿರುವಂಥದೇ ಎರಡು ಕೊಂಬಿನ ಉಂಗುರ ಎಂಬುದು ಸೋಜಿಗ.

ಆದರೆ ಒಂದು ತೊಡಕು. ನೀರಿನಲ್ಲಿ ಕ್ಯಾಟೆಕಾಲನ್ನು ಹೀಗೆ ಪರೀಕ್ಷಿಸಿದರೆ ಸಾಮಾನ್ಯವಾಗಿ ಕಾಣುವುದು ಒಂದೇ ಏರು. ಎರಡು ಎಲೆಕ್ಟ್ರಾನುಗಳೂ ಒಟ್ಟಿಗೆ ಹೋದಂತೆ ಮೀಟರು ಹೇಳುತ್ತದೆ. ನಡುವಿನ ಸೆಮಿಕ್ವಿನೋನ್ ಹುಟ್ಟಿದ ಕೂಡಲೇ ಮುಗಿದುಹೋಗುವುದರಿಂದ ಅದರ ಗುರುತು ಕರೆಂಟಿನಲ್ಲಿ ಬೇರೆಯಾಗಿ ಉಳಿಯುವುದಿಲ್ಲ. ನೀರಿಲ್ಲದ ಕೆಲವು ದ್ರಾವಕಗಳಲ್ಲಿ ಕ್ವಿನೋನುಗಳು ಎರಡು ಪ್ರತ್ಯೇಕ ಏರುಗಳನ್ನು ತೋರಿಸುವುದುಂಟು. ಅಲ್ಲಿಯೂ ಮೀಟರು ಹೇಳುವುದು ಇಷ್ಟು ಎಲೆಕ್ಟ್ರಾನ್ ಹೋಯಿತು, ಇಷ್ಟು ವೋಲ್ಟಿಗೆ ಹೋಯಿತು ಎಂದು ಮಾತ್ರ. ಹೋದ ಮೇಲೆ ಉಳಿದವನು ಯಾರು ಎಂದು ಅದು ಹೇಳದು. ಸಂತೆಯ ಬಾಗಿಲಲ್ಲಿ ಕುಳಿತ ಸುಂಕದವನು ಎಷ್ಟು ಗಾಡಿ ದಾಟಿತೆಂದು ಎಣಿಸಬಲ್ಲ; ಗಾಡಿಯೊಳಗಿದ್ದವರ ಮುಖ ಅವನಿಗೆ ಗೊತ್ತಿರುವುದಿಲ್ಲ. ಮುಖ ನೋಡುವ ಕೆಲಸಕ್ಕೆ ಬೇಕಾದದ್ದು ರೋಹಿತ ದರ್ಶನ. ಅಂದರೆ ಬೆಳಕು ಅಥವಾ ಅದರ ಬಂಧುಗಳಾದ ಇತರ ತರಂಗಗಳನ್ನು ಅಣುವಿನ ಮೇಲೆ ಬಿಟ್ಟು, ಅದು ಯಾವುದನ್ನು ಹೀರಿತು, ಯಾವುದನ್ನು ಚೆದುರಿಸಿತು ಎಂಬುದರಿಂದ ಅದರ ಗುರುತು ಹಿಡಿಯುವ ವಿದ್ಯೆ.

ಅಯಸ್ಕಾಂತದ ನಡುವೆ ಲಘು ಗುರು

ಒಂಟಿ ಎಲೆಕ್ಟ್ರಾನ್ ಒಂದು ಪುಟ್ಟ ಅಯಸ್ಕಾಂತ. ಜೋಡಿಯಾಗಿದ್ದರೆ ಎರಡರ ಕಾಂತಗುಣ ಒಂದನ್ನೊಂದು ಅಳಿಸಿಹಾಕುತ್ತದೆ, ಒಂಟಿಯಾದರೆ ಉಳಿಯುತ್ತದೆ. ಬಲವಾದ ಕಾಂತಕ್ಷೇತ್ರದಲ್ಲಿ ಅದು ಕ್ಷೇತ್ರದ ದಿಕ್ಕಿಗೆ ಅಥವಾ ವಿರುದ್ಧ ದಿಕ್ಕಿಗೆ, ಎರಡೇ ರೀತಿಯಲ್ಲಿ ನಿಲ್ಲಬಲ್ಲದು. ತಕ್ಕ ಮೈಕ್ರೋವೇವ್ ತರಂಗ ಬಿದ್ದಾಗ ಅದನ್ನು ಹೀರಿ ಒಂದು ನಿಲುವಿನಿಂದ ಇನ್ನೊಂದಕ್ಕೆ ಮಗುಚಿಕೊಳ್ಳುತ್ತದೆ. ಸೋವಿಯತ್ ಒಕ್ಕೂಟದ ಕಜಾನ್ ನಗರದಲ್ಲಿ ಯೆವ್ಗೆನಿ ಜವೋಯ್‌ಸ್ಕಿ 1944ರಲ್ಲಿ ಕಂಡುಹಿಡಿದ ಈ ವಿಧಾನಕ್ಕೆ ಎಲೆಕ್ಟ್ರಾನ್ ಸ್ಪಿನ್ ಅನುರಣನ, ಚಿಕ್ಕದಾಗಿ ಇಎಸ್‌ಆರ್ ಎನ್ನುತ್ತಾರೆ. ಭೂಮಿಯ ಕಾಂತಕ್ಷೇತ್ರಕ್ಕಿಂತ ಸಾವಿರಾರು ಪಟ್ಟು ಬಲವಾದ ಅಯಸ್ಕಾಂತ, ಸೆಕೆಂಡಿಗೆ ಸುಮಾರು 900 ಕೋಟಿ ಬಾರಿ ಕಂಪಿಸುವ ತರಂಗ ಇದಕ್ಕೆ ಬೇಕು. ಎಲ್ಲ ಎಲೆಕ್ಟ್ರಾನುಗಳೂ ಜೋಡಿಯಾಗಿರುವ ಸಾಮಾನ್ಯ ಅಣುಗಳು ಈ ಯಂತ್ರಕ್ಕೆ ಕಾಣುವುದೇ ಇಲ್ಲ. ಕಾಣುವುದು ಒಂಟಿಗಳು ಮಾತ್ರ.

ಕಾಣುವುದಷ್ಟೇ ಅಲ್ಲ, ಅವು ಯಾರೆಂದೂ ತಿಳಿಯುತ್ತದೆ. ಹೇಗೆಂಬುದನ್ನು ಶಾಲೆಯಲ್ಲಿ ಛಂದಸ್ಸು ಕಲಿತ ಕನ್ನಡಿಗರಿಗೆ ವಿವರಿಸುವುದು ಸುಲಭ. ಒಂಟಿ ಎಲೆಕ್ಟ್ರಾನಿನ ನೆರೆಯಲ್ಲಿರುವ ಪ್ರತಿಯೊಂದು ಹೈಡ್ರೋಜನ್ ಬೀಜವೂ ಒಂದು ಮರಿ ಅಯಸ್ಕಾಂತವೇ. ಅದು ಮೇಲ್ಮುಖ ಅಥವಾ ಕೆಳಮುಖ ಆಗಿರಬಹುದು, ಲಘು ಅಥವಾ ಗುರು ಇದ್ದಂತೆ. ಹೈಡ್ರೋಕ್ವಿನೋನಿನಿಂದ ಬರುವ ಸೆಮಿಕ್ವಿನೋನಿನಲ್ಲಿ ಒಂದೇ ತೆರನಾದ ನಾಲ್ಕು ಹೈಡ್ರೋಜನ್‌ಗಳಿವೆ. ನಾಲ್ಕು ಅಕ್ಷರಗಳ ಪಾದದಲ್ಲಿ ಲಘು ಗುರುಗಳನ್ನು ಎಷ್ಟು ರೀತಿ ಇಡಬಹುದು? ಒಟ್ಟು 16. ಎಲ್ಲವೂ ಗುರು ಆಗುವುದು 1 ರೀತಿ. ಒಂದು ಲಘು ಇರುವುದು 4. ಎರಡು ಲಘು 6. ಮೂರು ಲಘು 4. ಎಲ್ಲವೂ ಲಘು 1. ಇಎಸ್‌ಆರ್ ಯಂತ್ರ ಬರೆದುಕೊಡುವ ಗೆರೆಗಳೂ ಐದೇ. ಅವುಗಳ ಬಲದ ಪ್ರಮಾಣವೂ 1, 4, 6, 4, 1! ಹತ್ತನೆಯ ಶತಮಾನದ ಹಲಾಯುಧ ಪಿಂಗಳನ ಛಂದಃಸೂತ್ರಕ್ಕೆ ವ್ಯಾಖ್ಯಾನ ಬರೆಯುವಾಗ ಮೇರುಪ್ರಸ್ತಾರ ಎಂದು ವಿವರಿಸಿದ್ದು ಇದೇ ಲೆಕ್ಕವನ್ನು. ಅವನು ಕೆಲಕಾಲ ನಮ್ಮ ಮಳಖೇಡದ ರಾಷ್ಟ್ರಕೂಟ ಮೂರನೆಯ ಕೃಷ್ಣನ ಆಶ್ರಯದಲ್ಲಿದ್ದನೆಂದು ಹೇಳುತ್ತಾರೆ.

ಕ್ಯಾಟೆಕಾಲಿನ ಸೆಮಿಕ್ವಿನೋನಿನಲ್ಲಿಯೂ ಉಂಗುರದ ಮೇಲೆ ನಾಲ್ಕು ಹೈಡ್ರೋಜನ್ ಇವೆಯಾದರೂ ಅವು ಎರಡೆರಡರ ಎರಡು ಜೋಡಿಗಳು. ಆದ್ದರಿಂದ ಅಲ್ಲಿ ಮೂರು ಮೂರರ ಮೂರು ಗುಂಪು, ಒಟ್ಟು ಒಂಬತ್ತು ಗೆರೆ. ಹೀಗೆ ಪ್ರತಿ ರ‍್ಯಾಡಿಕಲ್ಲಿಗೂ ತನ್ನದೇ ಬೆರಳಚ್ಚು. ಮಿಕೇಲಿಸ್ ವಾದಕ್ಕೆ ಬೇಕಾಗಿದ್ದ ಸಾಕ್ಷಿ ಇಲ್ಲಿ ಸಿಕ್ಕಿತು. ಸೆಮಿಕ್ವಿನೋನುಗಳ ಇಂಥ ಬೆರಳಚ್ಚನ್ನು ವಿವರವಾಗಿ ದಾಖಲಿಸಿದ ಆರಂಭದ ಪ್ರಬಂಧಗಳಲ್ಲಿ ಒಂದು 1955ರಲ್ಲಿ ಪ್ರಕಟವಾಯಿತು. ಬರೆದವರು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಜಾರ್ಜ್ ಫ್ರೆಂಕೆಲ್ ಮತ್ತು ಭಾರತದ ಬಿ. ವೆಂಕಟರಾಮನ್. ವೆಂಕಟರಾಮನ್ ಮುಂದೆ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಈ ವಿದ್ಯೆಯನ್ನು ಬೆಳೆಸಿದರು.

ಹಿಡಿಯುವ ನಾಲ್ಕು ಉಪಾಯ

ಯಂತ್ರವೇನೋ ಸಿದ್ಧ. ಆದರೆ ಮಾದರಿಯನ್ನು ಯಂತ್ರದೊಳಗೆ ಇಡುವಷ್ಟರಲ್ಲಿ ರ‍್ಯಾಡಿಕಲ್ ಸತ್ತಿರುತ್ತದಲ್ಲ! ಇದಕ್ಕೆ ವಿಜ್ಞಾನಿಗಳು ಕಂಡುಕೊಂಡ ಉಪಾಯಗಳು ಮುಖ್ಯವಾಗಿ ನಾಲ್ಕು.

ಮೊದಲನೆಯದು, ಸಾಯುವಷ್ಟೇ ವೇಗದಲ್ಲಿ ಹುಟ್ಟಿಸುತ್ತಿರುವುದು. ತೂತಿನ ಕೊಡದಲ್ಲಿ ನೀರು ನಿಲ್ಲದು; ಆದರೆ ನಲ್ಲಿ ತೆರೆದೇ ಇಟ್ಟರೆ ಒಂದು ಮಟ್ಟ ನಿಂತೇ ಇರುತ್ತದೆ. ಅಮೆರಿಕದ ಗೆಸ್ಕೆ ಮತ್ತು ಮ್ಯಾಕಿ 1960ರಲ್ಲಿ ಇಎಸ್‌ಆರ್ ಯಂತ್ರದೊಳಗೇ ಎಲೆಕ್ಟ್ರೋಡ್ ಇಟ್ಟು, ನೈಟ್ರೋಬೆಂಜೀನಿಗೆ ಎಲೆಕ್ಟ್ರಾನ್ ಉಣಿಸುತ್ತಾ, ಹುಟ್ಟಿದ ರ‍್ಯಾಡಿಕಲ್ಲನ್ನು ಅಲ್ಲೇ ದಾಖಲಿಸಿದರು. ವಿದ್ಯುದ್ರಸಾಯನ ಮತ್ತು ರೋಹಿತ ದರ್ಶನಗಳು ಒಂದೇ ಸೂರಿನಡಿ ಬಂದದ್ದು ಹೀಗೆ. ಇದರಲ್ಲಿ ಕಷ್ಟವೂ ಇದೆ. ಮೈಕ್ರೋವೇವ್ ಒಲೆಯಲ್ಲಿ ಸಾರು ಬಿಸಿಯಾಗುವುದು ನೀರು ಆ ತರಂಗಗಳನ್ನು ಹೀರುವುದರಿಂದ. ಇಲ್ಲಿಯೂ ನೀರು ಅದೇ ಕೆಲಸ ಮಾಡಿ ಸಂಕೇತವನ್ನು ನುಂಗುತ್ತದೆ. ಅದಕ್ಕಾಗಿ ದ್ರಾವಣವನ್ನು ಕಾಗದದಂತೆ ತೆಳುವಾದ ಚಪ್ಪಟೆ ಕ್ವಾರ್ಟ್ಜ್ ಪಾತ್ರೆಯಲ್ಲಿಟ್ಟು, ಅದರೊಳಗೆ ಪ್ಲಾಟಿನಂ ಬಲೆಯನ್ನು ತೂರಿಸುತ್ತಾರೆ.

ಎರಡನೆಯದು, ಆಯುಷ್ಯ ಹೆಚ್ಚಿಸುವುದು. ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ಥಟ್ಟನೆ ಹೆಪ್ಪುಗಟ್ಟಿಸಿದರೆ ರ‍್ಯಾಡಿಕಲ್ ಇದ್ದಲ್ಲೇ ಸೆರೆ. ಕ್ಯಾಟೆಕಾಲ್ ಬಗೆಯ ಸೆಮಿಕ್ವಿನೋನುಗಳಿಗೆ ಇನ್ನೂ ಸುಲಭದ ದಾರಿಯಿದೆ: ದ್ರಾವಣಕ್ಕೆ ಸತು ಅಥವಾ ಮೆಗ್ನೀಸಿಯಂ ಲವಣ ಸೇರಿಸಿದರೆ ಲೋಹದ ಅಯಾನು ಎರಡು ಕೊಂಬುಗಳ ನಡುವೆ ಕುಳಿತು ರ‍್ಯಾಡಿಕಲ್ಲನ್ನು ಸ್ವಲ್ಪ ಹೊತ್ತು ಸಂತೈಸುತ್ತದೆ. ಕ್ಷಾರವೂ ಸೆಮಿಕ್ವಿನೋನಿಗೆ ಅನುಕೂಲವೇ. ತಟಸ್ಥ ನೀರಿನಲ್ಲಿ ಎರಡು ಸೆಮಿಕ್ವಿನೋನುಗಳು ಎದುರಾದರೆ ಒಂದು ಎಲೆಕ್ಟ್ರಾನ್ ಕೊಟ್ಟು, ಇನ್ನೊಂದು ಪಡೆದು, ಎರಡೂ ರ‍್ಯಾಡಿಕಲ್ಲಲ್ಲದ ಸ್ಥಿತಿಗೆ ಹೋಗುತ್ತವೆ. ಕ್ಷಾರದಲ್ಲಿ ಈ ವ್ಯವಹಾರಕ್ಕೆ ಅಷ್ಟು ಒತ್ತಾಸೆಯಿಲ್ಲ.

ಮೂರನೆಯದು ಬೋನು. ಕಾಡುಹಂದಿಯನ್ನು ಬೆನ್ನಟ್ಟುವ ಬದಲು ಅದು ಬರುವ ದಾರಿಯಲ್ಲಿ ಬೋನಿಟ್ಟಂತೆ, ರ‍್ಯಾಡಿಕಲ್ ಬಂದು ಅಂಟಿಕೊಳ್ಳುವಂಥ ಒಂದು ಅಣುವನ್ನು ದ್ರಾವಣದಲ್ಲಿ ಮೊದಲೇ ಬೆರೆಸಿರುತ್ತಾರೆ. ಅಂಟಿಕೊಂಡ ಮೇಲೆ ಉಂಟಾಗುವುದೂ ರ‍್ಯಾಡಿಕಲ್ಲೇ, ಆದರೆ ನಿಮಿಷಗಟ್ಟಲೆ ಬಾಳುವಂಥದು. ಅದರ ಬೆರಳಚ್ಚು ನೋಡಿ ಒಳಗೆ ಸಿಕ್ಕಿಬಿದ್ದವನು ಯಾರೆಂದು ಊಹಿಸಬಹುದು. 1960ರ ದಶಕದ ಕೊನೆಯಲ್ಲಿ ಬಳಕೆಗೆ ಬಂದ ಈ ಉಪಾಯಕ್ಕೆ ಸ್ಪಿನ್ ಟ್ರ್ಯಾಪಿಂಗ್ ಎಂದು ಹೆಸರು. ಡಿಎಂಪಿಓ ಎಂಬ ಬೋನಿನಲ್ಲಿ ಹೈಡ್ರಾಕ್ಸಿಲ್ ರ‍್ಯಾಡಿಕಲ್ ಸಿಕ್ಕಿದರೆ 1, 2, 2, 1 ಪ್ರಮಾಣದ ನಾಲ್ಕು ಗೆರೆಗಳು ಮೂಡುತ್ತವೆ.

ನಾಲ್ಕನೆಯದು, ರ‍್ಯಾಡಿಕಲ್ಲಿಗಿಂತ ವೇಗವಾಗಿ ಓಡುವುದು. ಒಂದು ಮಿಂಚಿನಿಂದ ಅದನ್ನು ಹುಟ್ಟಿಸಿ, ಅದು ಸಾಯುವ ಮೊದಲೇ ಇನ್ನೊಂದು ಮಿಂಚಿನಿಂದ ಚಿತ್ರ ತೆಗೆಯುವುದು. ಇಂಗ್ಲೆಂಡಿನ ನಾರಿಷ್ ಮತ್ತು ಪೋರ್ಟರ್ ಈ ದಾರಿ ತೋರಿಸಿ, 1967ರಲ್ಲಿ ಜರ್ಮನಿಯ ಐಗೆನ್ ಅವರೊಂದಿಗೆ ನೊಬೆಲ್ ಪ್ರಶಸ್ತಿ ಹಂಚಿಕೊಂಡರು. ಈ ದಾರಿಯಲ್ಲಿ ಬೆಂಗಳೂರಿನ ಪಾಲೂ ದೊಡ್ಡದು.

ರಾಮನ್ ಬೆಳಕಿನಲ್ಲಿ

ಸರ್ ಸಿ. ವಿ. ರಾಮನ್ ತಮ್ಮ ಹೆಸರಿನ ಪರಿಣಾಮವನ್ನು ಕಂಡದ್ದು ಕಲ್ಕತ್ತೆಯಲ್ಲಿ, 1928ರ ಫೆಬ್ರವರಿ 28ರಂದು. 1933ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ನಿರ್ದೇಶಕರಾಗಿ ಬಂದ ಮೇಲೆ 1970ರಲ್ಲಿ ತೀರಿಕೊಳ್ಳುವವರೆಗೂ ಅವರು ಈ ಊರಿನವರೇ ಆಗಿದ್ದರು. ಅಣುವಿನ ಮೇಲೆ ಬಿದ್ದು ಚೆದುರುವ ಬೆಳಕಿನಲ್ಲಿ ಬಹುಪಾಲು ಬಣ್ಣ ಬದಲಿಸದೆ ಹೋಗುತ್ತದೆ. ಸುಮಾರು ಕೋಟಿಗೊಂದು ಕಣ ಮಾತ್ರ ಅಣುವಿನ ಕಂಪನಕ್ಕೆ ಶಕ್ತಿ ಕೊಟ್ಟು ಅಥವಾ ಅದರಿಂದ ಪಡೆದು ಬೇರೆ ಬಣ್ಣವಾಗುತ್ತದೆ. ಆ ಬದಲಾವಣೆಯೇ ಅಣುವಿನ ಕಂಪನದ ಶ್ರುತಿ.

ವೀಣೆಯ ತಂತಿಯನ್ನು ಬಿಗಿದರೆ ಸ್ವರ ಏರುತ್ತದೆ, ಸಡಿಲಿಸಿದರೆ ಇಳಿಯುತ್ತದೆ. ಕ್ವಿನೋನಿನಲ್ಲಿ ಇಂಗಾಲ ಮತ್ತು ಆಮ್ಲಜನಕದ ನಡುವೆ ಇರುವುದು ಬಿಗಿಯಾದ ಜೋಡಿ ಬಂಧ. ಹೈಡ್ರೋಕ್ವಿನೋನಿನಲ್ಲಿ ಸಡಿಲವಾದ ಒಂಟಿ ಬಂಧ. ಸೆಮಿಕ್ವಿನೋನಿನ ಸ್ವರ ಇವೆರಡರ ನಡುವೆ ಬರುತ್ತದೆ. ಒಂಟಿ ಎಲೆಕ್ಟ್ರಾನ್ ಇದೆ ಎಂದು ಇಎಸ್‌ಆರ್ ಹೇಳಿದರೆ, ಅದು ಅಣುವಿನ ಯಾವ ಬಂಧವನ್ನು ಎಷ್ಟು ಸಡಿಲಿಸಿದೆ ಎಂದು ರಾಮನ್ ಬೆಳಕು ಹೇಳುತ್ತದೆ.

ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಶಿವ ಉಮಾಪತಿ ಮತ್ತು ಸಂಗಡಿಗರು 1990ರ ದಶಕದಿಂದ ಮಾಡಿದ ಕೆಲಸ ಇಂಥದು. ಒಂದು ಲೇಸರ್ ಮಿಂಚಿನಿಂದ ಕ್ವಿನೋನನ್ನು ಉದ್ರೇಕಿಸಿ ಅದು ನೆರೆಯ ಅಣುವಿನಿಂದ ಎಲೆಕ್ಟ್ರಾನ್ ಕಸಿಯುವಂತೆ ಮಾಡುವುದು. ಬಳಿಕ ಸೆಕೆಂಡಿನ ನೂರು ಕೋಟಿಯಲ್ಲೊಂದು ಭಾಗದ ಲೆಕ್ಕದಲ್ಲಿ ಕಾದು, ಎರಡನೆಯ ಮಿಂಚಿನಿಂದ ರಾಮನ್ ರೋಹಿತ ಪಡೆಯುವುದು. ಇಲ್ಲಿ ಎಲೆಕ್ಟ್ರಾನ್ ಕೊಡಿಸಿದ್ದು ಎಲೆಕ್ಟ್ರೋಡ್ ಅಲ್ಲ, ಬೆಳಕು. ಆದರೆ ಹುಟ್ಟುವ ರ‍್ಯಾಡಿಕಲ್ ಅದೇ ಕುಲದ್ದು. ಅವರ ತಂಡ 2009ರ ಸುಮಾರಿಗೆ ರೂಪಿಸಿದ ಅತಿವೇಗದ ರಾಮನ್ ನಷ್ಟ ರೋಹಿತ ವಿಧಾನ ಇನ್ನೂ ಮುಂದೆ ಹೋಗಿ, ಸೆಕೆಂಡಿನ ಲಕ್ಷ ಕೋಟಿಯಲ್ಲೊಂದು ಭಾಗದ ಅಳತೆಯಲ್ಲಿ ಅಣುಗಳನ್ನು ನೋಡುತ್ತದೆ.

ಎಲೆಕ್ಟ್ರೋಡಿನ ಮೈಮೇಲೆ ನೇರವಾಗಿ ಬೆಳಕು ಬಿಡುವ ಕೆಲಸವೂ ನಡೆದಿದೆ. 1964ರಲ್ಲಿ ಟೆಡ್ ಕುವಾನ ಮತ್ತು ಸಹೋದ್ಯೋಗಿಗಳು ತವರದ ಆಕ್ಸೈಡ್ ಲೇಪಿಸಿದ ಗಾಜನ್ನೇ ಎಲೆಕ್ಟ್ರೋಡ್ ಮಾಡಿ, ಅದರ ಮೂಲಕ ಬೆಳಕು ಹಾಯಿಸಿ, ವಿದ್ಯುತ್ತಿನಿಂದ ಬಣ್ಣ ಬದಲಾಗುವುದನ್ನು ಆಗುವಾಗಲೇ ಅಳೆದರು. 1974ರಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್ನಿನಲ್ಲಿ ಫ್ಲೈಶ್‌ಮನ್, ಹೆಂಡ್ರಾ ಮತ್ತು ಮೆಕ್‌ಕ್ವಿಲನ್ ಬೆಳ್ಳಿಯ ಎಲೆಕ್ಟ್ರೋಡಿನ ಮೇಲೆ ಅಂಟಿದ ಪಿರಿಡೀನಿನ ರಾಮನ್ ರೋಹಿತವನ್ನು ಪಡೆದರು. ಸಂಕೇತ ನಿರೀಕ್ಷೆಗೆ ಮೀರಿ ಬಲವಾಗಿತ್ತು. ಒರಟು ಬೆಳ್ಳಿಯ ಮೈ ರಾಮನ್ ಬೆಳಕನ್ನು ಲಕ್ಷಾಂತರ ಪಟ್ಟು ಹೆಚ್ಚಿಸಬಲ್ಲದೆಂದು ಮುಂದೆ ತಿಳಿಯಿತು.

ಮತ್ತೆ ಬಾಯಿಗೆ

ಈಗ ತಾಂಬೂಲಕ್ಕೆ ಮರಳೋಣ. ಅಡಿಕೆಯ ಪಾಲಿಫಿನಾಲ್ ಬಿಟ್ಟುಕೊಟ್ಟ ಎಲೆಕ್ಟ್ರಾನ್ ಎಲ್ಲಿ ಹೋಯಿತು? ಆಮ್ಲಜನಕಕ್ಕೆ. ಒಂದು ಎಲೆಕ್ಟ್ರಾನ್ ಪಡೆದ ಆಮ್ಲಜನಕ ಸೂಪರಾಕ್ಸೈಡ್ ಎಂಬ ರ‍್ಯಾಡಿಕಲ್ ಆಗುತ್ತದೆ. ಅದರಿಂದ ಹೈಡ್ರೋಜನ್ ಪೆರಾಕ್ಸೈಡ್. ಕಬ್ಬಿಣ ಅಥವಾ ತಾಮ್ರದ ಅಂಶ ಅಲ್ಲಿದ್ದರೆ ಪೆರಾಕ್ಸೈಡ್ ಒಡೆದು ಹೈಡ್ರಾಕ್ಸಿಲ್ ರ‍್ಯಾಡಿಕಲ್ ಹುಟ್ಟುತ್ತದೆ. ಇಂಥ ಕ್ರಿಯೆಯ ಜಾಡನ್ನು ಫೆಂಟನ್ 1894ರಲ್ಲೇ ತೋರಿಸಿದ್ದರು. ಅಡಿಕೆಯಲ್ಲಿ ತಾಮ್ರದ ಅಂಶವಿದೆ. ಹೈಡ್ರಾಕ್ಸಿಲ್ ರ‍್ಯಾಡಿಕಲ್ ಈ ಬಳಗದಲ್ಲೇ ಅತ್ಯಂತ ಉಗ್ರ. ಜೀವಕೋಶದಲ್ಲಿ ಅದರ ಆಯುಷ್ಯ ಸೆಕೆಂಡಿನ ನೂರು ಕೋಟಿಯಲ್ಲೊಂದು ಭಾಗದಷ್ಟು. ಹುಟ್ಟಿದ ಜಾಗದಲ್ಲೇ ಸಿಕ್ಕಿದ್ದನ್ನು ಕಚ್ಚಿ ಸಾಯುತ್ತದೆ. ಸಿಕ್ಕಿದ್ದು ಆನುವಂಶಿಕ ದ್ರವ್ಯವಾದ ಡಿಎನ್‌ಎ ಆದರೆ ಅದಕ್ಕೂ ಗಾಯ.

ಇದು ಪ್ರಯೋಗಾಲಯದ ಲೋಟದಲ್ಲಿ ಸರಿ. ಮನುಷ್ಯನ ಬಾಯಲ್ಲೂ ಹೀಗೆ ಆಗುತ್ತದೆಯೇ? 1980ರ ದಶಕದಲ್ಲಿ ಯು. ಜೆ. ನಾಯರ್ ಮತ್ತು ಸಂಗಡಿಗರು ಅಡಿಕೆಯ ಸಾರಕ್ಕೆ ಕ್ಷಾರ ಸೇರಿಸಿ ನೋಡಿದರು. ಪಿಎಚ್ 9.5ನ್ನು ದಾಟಿದ ಮೇಲೆ ಸೂಪರಾಕ್ಸೈಡ್ ಮತ್ತು ಪೆರಾಕ್ಸೈಡ್ ಹುಟ್ಟುವುದು ಸ್ಪಷ್ಟವಾಯಿತು. ಅಂದರೆ ಸುಣ್ಣವೇ ಕೀಲಿಕೈ. 1995ರಲ್ಲಿ ಅವರು ಬೋನಿನ ಉಪಾಯವನ್ನು ಬಾಯಿಗೇ ತಂದರು. ಫಿನೈಲ್ ಅಲನೈನ್ ಎಂಬುದು ನಮ್ಮ ಆಹಾರದಲ್ಲೇ ಇರುವ ಅಮೈನೋ ಆಮ್ಲ. ದೇಹದ ಕಿಣ್ವಗಳು ಅದನ್ನು ಒಂದು ಬಗೆಯ ಟೈರೋಸಿನ್ ಆಗಿ ಬದಲಿಸುತ್ತವೆ. ಹೈಡ್ರಾಕ್ಸಿಲ್ ರ‍್ಯಾಡಿಕಲ್ ಬಡಿದರೆ ಮಾತ್ರ ಆರ್ಥೋ ಮತ್ತು ಮೆಟಾ ಎಂಬ ಬೇರೆ ಎರಡು ಬಗೆಗಳೂ ಉಂಟಾಗುತ್ತವೆ. ಸ್ವಯಂಸೇವಕರು ಫಿನೈಲ್ ಅಲನೈನ್ ಜೊತೆಗೆ ತಂಬಾಕಿಲ್ಲದ ಎಲೆಯಡಿಕೆ ಜಗಿದಾಗ ಅವರ ಎಂಜಲಿನಲ್ಲಿ ಆ ಎರಡು ಬಗೆಗಳೂ ಏರಿದವು. ರ‍್ಯಾಡಿಕಲ್ ಎಂದೋ ಸತ್ತಿತ್ತು. ಅದರ ಹೆಜ್ಜೆ ಗುರುತು ಉಳಿದಿತ್ತು.

ಬೆಳೆಗಾರನ ಪ್ರಶ್ನೆ

ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1985ರಲ್ಲಿ ತಂಬಾಕು ಬೆರೆತ ತಾಂಬೂಲ ಕ್ಯಾನ್ಸರ್‌ಕಾರಕ ಎಂದಿತು. 2004ರಲ್ಲಿ ಪ್ರಕಟವಾದ ಅದರ ಸಂಪುಟ, ತಂಬಾಕಿಲ್ಲದ ತಾಂಬೂಲವನ್ನೂ, ಅಡಿಕೆಯನ್ನೂ ಅದೇ ಪಟ್ಟಿಗೆ ಸೇರಿಸಿತು. 2013ರಲ್ಲಿ ಕರ್ನಾಟಕದಲ್ಲಿ ಗುಟ್ಕಾ ನಿಷೇಧವಾಯಿತು. ಇಂಥ ಪ್ರತಿ ಸುದ್ದಿಗೂ ಚನ್ನಗಿರಿ, ಹೊನ್ನಾಳಿ, ನ್ಯಾಮತಿಗಳ ತೋಟಗಳಲ್ಲಿ ಎದೆ ಝಲ್ಲೆನ್ನುತ್ತದೆ. ‘ತಾತ ಮುತ್ತಾತಂದಿರು ಜಗಿದದ್ದಲ್ಲವೇ? ತಪ್ಪೆಲ್ಲ ತಂಬಾಕಿನದು’ ಎಂಬುದು ಬೆಳೆಗಾರರ ಸಾಮಾನ್ಯ ಮಾತು.

ಆ ಮಾತಿನಲ್ಲಿ ಅರ್ಧ ಸತ್ಯವಿದೆ. ತಂಬಾಕು ಸೇರಿದಾಗ ಅಪಾಯ ಬಹಳ ಹೆಚ್ಚುತ್ತದೆ ಎಂಬುದು ನಿಜ. ಊಟವಾದ ಮೇಲೆ ಒಂದು ಎಲೆ ಹಾಕಿ ಉಗುಳುವುದಕ್ಕೂ, ದಿನವಿಡೀ ಪೊಟ್ಟಣದ ಪುಡಿಯನ್ನು ಕೆನ್ನೆಯಲ್ಲಿ ಅವುಚಿಟ್ಟುಕೊಳ್ಳುವುದಕ್ಕೂ ವ್ಯತ್ಯಾಸವಿರುವುದೂ ನಿಜ. ರ‍್ಯಾಡಿಕಲ್ ಕಂಡಿತೆಂದ ಮಾತ್ರಕ್ಕೆ ಕ್ಯಾನ್ಸರ್ ಖಚಿತವೆಂದಲ್ಲ. ನಾವು ಉಸಿರಾಡುವಾಗಲೂ ದೇಹದಲ್ಲಿ ಸೂಪರಾಕ್ಸೈಡ್ ಹುಟ್ಟುತ್ತದೆ, ಅದನ್ನು ಅಡಗಿಸುವ ಕಿಣ್ವಗಳೂ ನಮ್ಮಲ್ಲಿವೆ. ಆದರೆ ಅಡಿಕೆ ನಿರ್ದೋಷಿ ಎನ್ನುವ ಇನ್ನರ್ಧಕ್ಕೆ ಆಧಾರವಿಲ್ಲ. ಬಾಯಿ ತೆರೆಯಲಾರದಂತೆ ಕೆನ್ನೆಯ ಒಳಪದರ ಬಿಗಿದುಕೊಳ್ಳುವ ಕಾಯಿಲೆ ತಂಬಾಕು ಮುಟ್ಟದ ಅಡಿಕೆ ಚಟದವರಲ್ಲೂ ಕಂಡಿದೆ. ಅಡಿಕೆಯ ಅರೆಕೋಲೀನ್ ಎಂಬ ದ್ರವ್ಯದ ಪಾತ್ರವೂ ಇದರಲ್ಲಿದೆ. ಕ್ಯಾನ್ಸರಿನ ದಾರಿಗಳು ಹಲವು. ರ‍್ಯಾಡಿಕಲ್ ಅವುಗಳಲ್ಲಿ ಒಂದು.

ಹೀಗಿರುವಾಗ ಈ ವಿದ್ಯೆಯಿಂದ ಬೆಳೆಗಾರನಿಗೇನು ಲಾಭ ಎಂದು ಕೇಳಬಹುದು. ಎಲೆಕ್ಟ್ರಾನನ್ನು ಸುಲಭವಾಗಿ ಬಿಟ್ಟುಕೊಡುವ ಗುಣವೇ ಒಂದು ಕಡೆ ದೋಷವಾದರೆ ಇನ್ನೊಂದು ಕಡೆ ಗುಣ. ಚೊಗರಿನಂಥ ಒಗರು ದ್ರವ್ಯಗಳಿಗೆ ಬಟ್ಟೆಗೆ ಬಣ್ಣ ಹಾಕುವುದರಲ್ಲಿ, ಚರ್ಮ ಹದ ಮಾಡುವುದರಲ್ಲಿ ಉಪಯೋಗವಿದೆ. ಬಾಯಿಗೆ ಹೊರತಾದ ಇಂಥ ಬಳಕೆಗಳು ಬೆಳೆದಷ್ಟೂ ಅಡಿಕೆಯ ಮಾರುಕಟ್ಟೆ ಒಂದೇ ಕಂಬದ ಮೇಲೆ ನಿಂತ ಚಪ್ಪರವಾಗುವುದು ತಪ್ಪುತ್ತದೆ. ಯಾವ ಅಂಶ ಯಾವ ಸ್ಥಿತಿಯಲ್ಲಿ ಏನು ಮಾಡುತ್ತದೆಂದು ಖಚಿತವಾಗಿ ಹೇಳಬಲ್ಲವರು ಮಾತ್ರ ಆ ದಾರಿ ತೋರಿಸಬಲ್ಲರು. ಶಂಕರಘಟ್ಟದ ಗ್ರಾಫೈಟ್ ಕಡ್ಡಿಯೂ ಬೆಂಗಳೂರಿನ ಲೇಸರೂ ಆ ಕೆಲಸದ ಸಲಕರಣೆಗಳೇ.

ಎಲೆ, ಅಡಿಕೆ, ಸುಣ್ಣದ ತಟ್ಟೆ ನಮ್ಮಲ್ಲಿ ಮಾತು ಕೊಡುವ, ಜಗಳ ತೀರಿಸುವ, ಹೆಣ್ಣು ಒಪ್ಪಿಸುವ ಸಾಕ್ಷಿ. ಆ ಗೌರವ ತಟ್ಟೆಗೆ ಸಲ್ಲುವಂಥದು. ಅದಕ್ಕಾಗಿ ದಿನಕ್ಕೆ ಹತ್ತು ಸಲ ಜಗಿಯಬೇಕಾಗಿಲ್ಲ. ಕೆಂಪು ಬಣ್ಣ ನಾಲಗೆಯ ಮೇಲೆ ಒಂದೆರಡು ಗಂಟೆ ಉಳಿದು ಹೋಗುತ್ತದೆ. ಅದನ್ನು ತಂದ ಕಣ ಅದಕ್ಕಿಂತ ಎಷ್ಟೋ ಮೊದಲೇ ಹೋಗಿರುತ್ತದೆ. ಅದು ಮಾಡಿದ ಗಾಯ ಮಾತ್ರ, ಮಾಡಿದ್ದಾದರೆ, ವರ್ಷಗಳ ಕಾಲ ಉಳಿಯಬಲ್ಲದು.